ಬ್ರಾಜೋಸ್ ಬೆಂಡ್‌ನಲ್ಲಿ ಕಾಡು ಅಲಿಗೇಟರ್ ನೋಡಲು ಹೊರಟವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಟೆಕ್ಸಸ್‌ನ ಹ್ಯೂಸ್ಟನ್ ಸುತ್ತಮುತ್ತ ಇರುವ ಕನ್ನಡ ಮನೆಗಳಿಗೆ ಊರಿಂದ ಅಪ್ಪ ಅಮ್ಮ ಬಂದರೆ, ಡಲ್ಲಾಸ್‌ನಿಂದ ಸ್ನೇಹಿತರು ಬಂದರೆ, ಈ ಮಾತು ಬಂದೇ ಬರುತ್ತದೆ: "ಇಲ್ಲೇ ಹತ್ತಿರ ಅಲಿಗೇಟರ್ ನೋಡಬಹುದಂತೆ, ಹೌದಾ?" ಹೌದು. ಬ್ರಾಜೋಸ್ ಬೆಂಡ್ ಸ್ಟೇಟ್ ಪಾರ್ಕ್ ಅದಕ್ಕೆ ಹೇಳಿ ಮಾಡಿಸಿದ ಜಾಗ. ಊಟಕ್ಕೆ ಕೂತಾಗ, ಫೋನಿನಲ್ಲಿ, ಪತ್ರಗಳಲ್ಲಿ ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ.

## ಹೊರಡುವ ಮುಂಚೆ

ಈ ಪಾರ್ಕ್ ಎಲ್ಲಿದೆ? ಒಂದು ದಿನದಲ್ಲಿ ಹೋಗಿ ಬರಬಹುದಾ?

ಹ್ಯೂಸ್ಟನ್ ನಗರದಿಂದ ನೈಋತ್ಯಕ್ಕೆ ಸುಮಾರು 45 ಮೈಲಿ, ನೀಡ್‌ವಿಲ್ ಎಂಬ ಊರಿನ ಹತ್ತಿರ. ಕಾರಿನಲ್ಲಿ ಒಂದು ಗಂಟೆ ಹಿಡಿಯುತ್ತದೆ. ಶುಗರ್ ಲ್ಯಾಂಡ್ ಕಡೆಯವರಿಗೆ ಇನ್ನೂ ಕಡಿಮೆ. ಬಸ್ಸು, ರೈಲು ಯಾವುದೂ ಇಲ್ಲ, ಕಾರು ಬೇಕೇ ಬೇಕು. ಬೆಳಗ್ಗೆ ಹೋಗಿ ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದುಬಿಡಬಹುದು. ಪಾರ್ಕ್ ಸುಮಾರು 5,000 ಎಕರೆ ಇದೆ. 1984ರಲ್ಲಿ ಜನರಿಗೆ ತೆರೆಯಿತು. ಬ್ರಾಜೋಸ್ ನದಿ ಪಕ್ಕದಲ್ಲೇ ಹರಿಯುತ್ತದೆ. ಕೆರೆ, ಜೌಗು, ಬಯಲು, ಪಾಚಿಯಂಥ ಜಡೆ ಇಳಿಬಿಟ್ಟ ದೊಡ್ಡ ದೊಡ್ಡ ಓಕ್ ಮರಗಳು, ಎಲ್ಲ ಒಂದೇ ಕಡೆ ಸಿಗುತ್ತವೆ.

ಟಿಕೆಟ್ ಮೊದಲೇ ತಗೋಬೇಕಾ, ಅಲ್ಲೇ ಕೊಡ್ತಾರಾ?

ಮೊದಲೇ ಆನ್‌ಲೈನ್‌ನಲ್ಲಿ ದಿನದ ಪಾಸ್ ಕಾದಿರಿಸಿ. ಶನಿವಾರ, ಭಾನುವಾರ, ರಜೆಯ ದಿನಗಳಲ್ಲಿ ಪಾಸ್ ಮುಗಿದುಹೋಗುತ್ತದೆ, ಗೇಟಿನಿಂದಲೇ ವಾಪಸ್ ಬರಬೇಕಾಗುತ್ತದೆ. ದೊಡ್ಡವರಿಗೆ ತಲೆಗೆ 7 ಡಾಲರ್, 12 ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳಿಗೆ ಉಚಿತ. ಟೆಕ್ಸಸ್‌ನ ಬೇರೆ ಸ್ಟೇಟ್ ಪಾರ್ಕ್‌ಗಳಿಗೂ ಹೋಗುವವರಾದರೆ ವರ್ಷದ ಪಾಸ್ ತಗೊಳ್ಳುವುದೇ ಲೇಸು. ಆ ಪಾಸ್ ಇದ್ದರೂ ಜಾಗ ಕಾದಿರಿಸುವುದನ್ನು ಬಿಡಬೇಡಿ. ಪಾರ್ಕ್‌ನೊಳಗೇ ಟೆಂಟ್ ಹಾಕಿ ಉಳಿಯಬಹುದು, ಆದರೆ ಆ ಜಾಗಗಳು ಬೇಗ ತುಂಬುತ್ತವೆ.

ಯಾವ ತಿಂಗಳಲ್ಲಿ ಹೋದರೆ ಖಂಡಿತ ಕಾಣಿಸುತ್ತೆ?

ಕಾಡು ಪ್ರಾಣಿ, ಖಂಡಿತ ಅಂತ ಯಾರೂ ಹೇಳಲಾರರು. ಆದರೆ ಮಾರ್ಚ್‌ನಿಂದ ಮೇ ತನಕ ಬಿಸಿಲಿದ್ದ ದಿನ ಹೋದರೆ ಬರಿಗೈಯಲ್ಲಿ ಬರುವುದು ಅಪರೂಪ. ಅಲಿಗೇಟರ್ ತಣ್ಣನೆ ರಕ್ತದ ಪ್ರಾಣಿ. ಮೈ ಬೆಚ್ಚಗಾಗಬೇಕಾದರೆ ಬಿಸಿಲಿಗೆ ಬರಲೇಬೇಕು. ವಸಂತದಲ್ಲಿ ನೀರು ಇನ್ನೂ ತಣ್ಣಗಿರುತ್ತದೆ, ಬಿಸಿಲು ಹಿತವಾಗಿರುತ್ತದೆ, ಅದಕ್ಕೇ ದಂಡೆಯ ಮೇಲೆ ಬಂದು ಗಂಟೆಗಟ್ಟಲೆ ಮಲಗುತ್ತವೆ. ಅಕ್ಟೋಬರ್ ಕೂಡ ಚೆನ್ನ.

ಜೂನ್‌ನಿಂದ ಆಗಸ್ಟ್ ಬೇರೆ ಕತೆ. ಮಧ್ಯಾಹ್ನದ ಹೊತ್ತಿಗೆ ಅವು ನೀರಲ್ಲಿ ಮುಳುಗಿ ಮೂಗು, ಕಣ್ಣು ಮಾತ್ರ ಹೊರಗಿಟ್ಟಿರುತ್ತವೆ. ನಿಮಗೂ ಆ ಬಿಸಿಲು ಒಳ್ಳೆಯದಲ್ಲ. ಬೇಸಿಗೆ ರಜೆಯಲ್ಲೇ ಬರಬೇಕಾದರೆ ಗೇಟ್ ತೆರೆದ ಕೂಡಲೇ ಒಳಗೆ ಹೋಗಿ, ಹತ್ತು ಗಂಟೆಯೊಳಗೆ ನಡಿಗೆ ಮುಗಿಸಿ.

ಅಮ್ಮನಿಗೆ ಮಂಡಿ ನೋವು. ಅವರಿಗೂ ತೋರಿಸೋಕೆ ಆಗುತ್ತಾ?

ಖಂಡಿತ ಆಗುತ್ತದೆ, ದಯವಿಟ್ಟು ಅವರನ್ನು ಕಾರಿನಲ್ಲಿ ಕೂರಿಸಿ ಹೋಗಬೇಡಿ. ಕ್ರೀಕ್‌ಫೀಲ್ಡ್ ಲೇಕ್ ಸುತ್ತ ಸುಮಾರು ಅರ್ಧ ಮೈಲಿಯ ದಾರಿ ಇದೆ. ಗಟ್ಟಿ ನೆಲ, ಗಾಲಿಕುರ್ಚಿಯೂ ಮಗುವಿನ ತಳ್ಳುಗಾಡಿಯೂ ಸಲೀಸಾಗಿ ಹೋಗುತ್ತವೆ. ಕೂರಲು ಬೆಂಚುಗಳಿವೆ. ಪಕ್ಕದಲ್ಲೇ ನೇಚರ್ ಸೆಂಟರ್ ಇದೆ. ಮೊದಲು ಅಲ್ಲಿಗೇ ಹೋಗಿ. ಅಲ್ಲಿನ ಸ್ವಯಂಸೇವಕರು ಬಹಳ ಅಕ್ಕರೆಯಿಂದ ಮಾತಾಡುತ್ತಾರೆ. ಇವತ್ತು ಯಾವ ಕೆರೆಯಲ್ಲಿ ಏನು ಕಾಣುತ್ತಿದೆ ಅಂತ ಅವರಿಗೆ ಗೊತ್ತಿರುತ್ತದೆ.

ಇನ್ನೊಂದು ಮಾತು. 40 ಎಕರೆ ಲೇಕ್ ಮತ್ತು ಎಲ್ಮ್ ಲೇಕ್‌ಗೆ ಕಾರು ನಿಲ್ಲಿಸುವ ಜಾಗದಿಂದ ಕೆಲವೇ ಹೆಜ್ಜೆ. ಮಿಕ್ಕವರು ಕೆರೆ ಸುತ್ತಿ ಬರುವ ತನಕ ಹಿರಿಯರು ನೆರಳಲ್ಲಿ ಕೂತು ನೀರು ನೋಡುತ್ತಿರಬಹುದು. ಎಷ್ಟೋ ಸಲ ನಡೆದವರಿಗಿಂತ ಕೂತವರಿಗೇ ಜಾಸ್ತಿ ಕಾಣಿಸುತ್ತದೆ.

ನಡಿಗೆ ಮಾಡೋವರಿಗೆ ಯಾವ ದಾರಿ ಒಳ್ಳೆಯದು?

ನನ್ನ ಆಯ್ಕೆ ಹೀಗೆ. 40 ಎಕರೆ ಲೇಕ್ ಹತ್ತಿರ ಕಾರು ನಿಲ್ಲಿಸಿ, ಕೆರೆ ಸುತ್ತ ಹೊರಡಿ. ಇದು 1.2 ಮೈಲಿಯ ಸುತ್ತು. ನಡುವೆ ಒಂದು ವೀಕ್ಷಣಾ ಗೋಪುರ ಸಿಗುತ್ತದೆ, ಮೇಲೆ ಹತ್ತಿ ನಿಂತರೆ ಒಂದು ಕಡೆ ಕೆರೆ, ಇನ್ನೊಂದು ಕಡೆ ಜೌಗು ಪೂರ್ತಿ ಕಾಣುತ್ತದೆ. ಅಲ್ಲಿ ಹತ್ತು ನಿಮಿಷ ಮಾತಿಲ್ಲದೆ ನಿಲ್ಲಿ. ಆಮೇಲೆ ಸ್ಪಿಲ್‌ವೇ ಟ್ರೇಲ್ ಹಿಡಿದು ಎಲ್ಮ್ ಲೇಕ್ ಕಡೆ ಹೋಗಿ, ಅದರ 1.7 ಮೈಲಿಯ ಸುತ್ತು ಹಾಕಿ ಬಂದ ದಾರಿಯಲ್ಲೇ ವಾಪಸ್. ಎಲ್ಲ ಸೇರಿ ಸುಮಾರು ನಾಲ್ಕು ಮೈಲಿ. ಏರು, ಇಳಿಜಾರು ಇಲ್ಲವೇ ಇಲ್ಲ. ಕುಮಾರ ಪರ್ವತ ಹತ್ತಿದವರಿಗೆ ಇದು ಚಾರಣ ಅನ್ನಿಸಲಿಕ್ಕಿಲ್ಲ. ಆದರೆ ಬೇಗ ಬೇಗ ನಡೆದರೆ ಇಲ್ಲಿ ಏನೂ ಕಾಣುವುದಿಲ್ಲ. ಈ ನಾಲ್ಕು ಮೈಲಿಗೆ ಮೂರು ಗಂಟೆ ಕೊಡಿ.

ಏನೇನು ತಗೊಂಡು ಹೋಗಬೇಕು?

ಬೈನಾಕ್ಯುಲರ್ ಮೊದಲು. ಮಿಕ್ಕದ್ದೆಲ್ಲ ಆಮೇಲೆ. ತಲೆಗೆ ಎರಡು ಲೀಟರ್ ನೀರು, ಟೋಪಿ, ಸೊಳ್ಳೆಗೆ ಹಚ್ಚುವ ಔಷಧಿ ಇರಲಿ. ಕಾಲು ಮುಚ್ಚುವ ಉದ್ದನೆ ಪ್ಯಾಂಟ್ ಅಲ್ಲದಿದ್ದರೂ ಪಾದ ಮುಚ್ಚುವ ಶೂ ಬೇಕೇ ಬೇಕು. ಇಲ್ಲಿ ಚಪ್ಪಲಿ ಬೇಡ ಅನ್ನುವುದಕ್ಕೆ ಕಾರಣ ಅಲಿಗೇಟರ್ ಅಲ್ಲ, ಬೆಂಕಿ ಇರುವೆ. ದಾರಿ ಪಕ್ಕದ ಸಣ್ಣ ಮಣ್ಣಿನ ಗುಡ್ಡೆಯ ಮೇಲೆ ಮಗು ಕಾಲಿಟ್ಟರೆ ನೂರಾರು ಇರುವೆ ಒಟ್ಟಿಗೆ ಕಚ್ಚುತ್ತವೆ. ಕಾಟನ್‌ಮೌತ್, ಕಾಪರ್‌ಹೆಡ್ ಎಂಬ ವಿಷದ ಹಾವುಗಳೂ ಇವೆ, ಹಾಗಾಗಿ ಹುಲ್ಲೊಳಗೆ ಇಳಿಯದೆ ದಾರಿ ಮೇಲೇ ನಡೆಯಿರಿ. ಮೂರು ಮೂರು ಎಲೆಯ ಬಳ್ಳಿ ಕಂಡರೆ ಮುಟ್ಟಬೇಡಿ, ಅದು ಪಾಯಿಸನ್ ಐವಿ ಆಗಿರಬಹುದು. ಮುಟ್ಟಿದರೆ ವಾರಗಟ್ಟಲೆ ತುರಿಕೆ.

ಚಿತ್ರಾನ್ನ, ಮೊಸರನ್ನ ಕಟ್ಕೊಂಡು ಹೋಗಬಹುದಾ?

ಧಾರಾಳವಾಗಿ. ಕೆರೆಗಳ ಹತ್ತಿರ ಮೇಜು, ಬೆಂಚು ಹಾಕಿದ ಊಟದ ಜಾಗಗಳಿವೆ. ಬಿಸಿಲಿಗೆ ಮೊಸರನ್ನ ಹುಳಿ ಬರುತ್ತದೆ, ಐಸ್ ಇಟ್ಟ ಡಬ್ಬಿಯಲ್ಲಿಡಿ. ಪುಳಿಯೋಗರೆಗೆ ಆ ತಾಪತ್ರಯ ಇಲ್ಲ. ಆದರೆ ಮೇಜಿನ ಹತ್ತಿರವೇ ಕೂತು ತಿನ್ನಿ, ನೀರಿನ ದಂಡೆಯಲ್ಲಿ ಚಾಪೆ ಹಾಸಬೇಡಿ. ಎದ್ದು ಹೋಗುವಾಗ ಒಂದು ಅಗುಳೂ ಉಳಿಯದ ಹಾಗೆ ಬಳಿದು ಕಸದ ಡಬ್ಬಿಗೆ ಹಾಕಿ.

## ದಾರಿಯ ಮೇಲೆ

ಎಷ್ಟು ಹತ್ತಿರ ಹೋಗಬಹುದು?

ಕನಿಷ್ಠ 30 ಅಡಿ ದೂರ. ಇದು ಪಾರ್ಕ್‌ನ ನಿಯಮ. ಎರಡು ಕಾರುಗಳನ್ನು ಒಂದರ ಹಿಂದೆ ಒಂದು ನಿಲ್ಲಿಸಿದರೆ ಎಷ್ಟು ಉದ್ದವೋ ಅಷ್ಟು. ಅಲಿಗೇಟರ್ ಬುಸ್ಸೆಂದು ಉಸಿರು ಬಿಟ್ಟರೆ ನೀವು ಹತ್ತಿರ ಹೋಗಿಬಿಟ್ಟಿದ್ದೀರಿ ಅಂತ ಅರ್ಥ. ಅದರ ಮೇಲೆ ಕಣ್ಣಿಟ್ಟು ನಿಧಾನವಾಗಿ ಹಿಂದೆ ಸರಿಯಿರಿ.

ಬಾಯಿ ತೆರೆದು ಸುಮ್ನೆ ಮಲಗಿದ್ದರೆ ಅದು ಸಿಟ್ಟಲ್ಲ. ಮೈ ಕಾವನ್ನು ಹೊರಗೆ ಬಿಡುವ ರೀತಿ ಅದು. ಆದರೂ 30 ಅಡಿ 30 ಅಡಿಯೇ.

ದಾರಿಗೆ ಅಡ್ಡ ಮಲಗಿದ್ದರೆ ಏನು ಮಾಡೋದು?

ಇದು ಇಲ್ಲಿ ಮಾಮೂಲು. ಕೆರೆಯ ಏರಿಯೇ ನಡೆಯುವ ದಾರಿ, ಅವುಗಳಿಗೆ ಬಿಸಿಲು ಕಾಯುವ ಜಾಗವೂ ಅದೇ. ಕೋಲಿನಿಂದ ತಿವಿಯುವುದು, ಕಲ್ಲು ಎಸೆಯುವುದು, ಚಪ್ಪಾಳೆ ತಟ್ಟಿ ಓಡಿಸುವುದು ಬೇಡ. ಸ್ವಲ್ಪ ಹೊತ್ತು ಕಾಯಿರಿ. ಏಳದಿದ್ದರೆ ತಿರುಗಿ ಇನ್ನೊಂದು ಕಡೆಯಿಂದ ಸುತ್ತು ಹಾಕಿ. ಅದಕ್ಕೂ ನೀರಿಗೂ ನಡುವೆ ಯಾವತ್ತೂ ಹೋಗಬೇಡಿ. ಹೆದರಿದ ಅಲಿಗೇಟರ್ ನೇರವಾಗಿ ನೀರಿಗೆ ನುಗ್ಗುತ್ತದೆ, ಆ ದಾರಿಯಲ್ಲಿ ನೀವು ಇರಬಾರದು.

ಅಟ್ಟಿಸಿಕೊಂಡು ಬಂದರೆ ಅಂಕುಡೊಂಕಾಗಿ ಓಡಬೇಕಂತೆ, ನಿಜವಾ?

ನಿಜವಲ್ಲ. ನೇರವಾಗಿ, ನೀರಿನಿಂದ ದೂರಕ್ಕೆ, ಎಷ್ಟು ಜೋರಾಗಿ ಆಗುತ್ತದೋ ಅಷ್ಟು ಜೋರಾಗಿ ಓಡಿ. ನೆಲದ ಮೇಲೆ ಅಲಿಗೇಟರ್ ಕೆಲವು ಮಾರು ದೂರ ವೇಗವಾಗಿ ನುಗ್ಗಬಲ್ಲದು, ಆಮೇಲೆ ಸುಸ್ತಾಗುತ್ತದೆ. ಅಷ್ಟಕ್ಕೂ ನೆಲದ ಮೇಲೆ ಮನುಷ್ಯರನ್ನು ಅಟ್ಟಿಕೊಂಡು ಹೋಗಿ ಬೇಟೆಯಾಡುವ ಪ್ರಾಣಿ ಇದಲ್ಲ. ನೀರಿನ ಅಂಚಿನಲ್ಲಿ ಹೊಂಚು ಹಾಕುವುದು ಇದರ ರೀತಿ. ಅದಕ್ಕೇ ಎಚ್ಚರ ಇರಬೇಕಾದ್ದು ಅಂಚಿನಲ್ಲಿ. ಒಂದು ವೇಳೆ ಹಿಡಿದೇಬಿಟ್ಟರೆ ಸುಮ್ಮನಿರದೆ ಅದರ ಕಣ್ಣಿಗೆ, ಮೂತಿಗೆ ಬಲವಾಗಿ ಹೊಡೆಯಬೇಕು ಎಂದು ತಿಳಿದವರು ಹೇಳುತ್ತಾರೆ.

ಟೆಕ್ಸಸ್‌ನಲ್ಲಿ ಅಲಿಗೇಟರ್‌ನಿಂದ ಸಾವು ಅತ್ಯಂತ ಅಪರೂಪ. 2015ರ ಜುಲೈಯಲ್ಲಿ ಆರೆಂಜ್ ಎಂಬ ಊರಿನ ಹತ್ತಿರ ಒಬ್ಬ ಯುವಕ ತೀರಿಕೊಂಡ. ಎಚ್ಚರಿಕೆ ಕೊಟ್ಟಿದ್ದ ಕಡೆ, ರಾತ್ರಿ ಹೊತ್ತು ನೀರಿಗೆ ಇಳಿದಿದ್ದ. ಅದಕ್ಕೆ ಮುಂಚಿನ ಸಾವು ದಾಖಲಾಗಿದ್ದು 1836ರಲ್ಲಿ.

ಮಕ್ಕಳನ್ನ, ನಾಯಿಯನ್ನ ಕರ್ಕೊಂಡು ಹೋಗಬಹುದಾ?

ಮಕ್ಕಳನ್ನು ಕರೆದುಕೊಂಡು ಹೋಗಿ, ಕೈ ಬಿಡಬೇಡಿ. ಸಣ್ಣವರು ನಿಮ್ಮ ಪಕ್ಕದಲ್ಲಿ, ನೀರಿನ ಕಡೆ ನೀವು, ಆಚೆ ಕಡೆ ಅವರು. ಕೆರೆಯಲ್ಲಿ ಕಾಲು ಅದ್ದುವುದು, ಆಡುವುದು ಯಾರೂ ಮಾಡುವಂತಿಲ್ಲ.

ನಾಯಿಗೆ 6 ಅಡಿಗಿಂತ ಉದ್ದದ ಹಗ್ಗ ಇರಬಾರದು, ಒಂದು ಕ್ಷಣವೂ ಬಿಚ್ಚಬಾರದು, ಆ ಕೆರೆಗಳಲ್ಲಿ ನೀರು ಕುಡಿಸಬಾರದು. ಅಲಿಗೇಟರ್ ಕಣ್ಣಿಗೆ ನಾಯಿ ಆಹಾರವೇ. ನನ್ನನ್ನು ಕೇಳಿದರೆ ಆ ದಿನ ನಾಯಿಯನ್ನು ಮನೆಯಲ್ಲೇ ಬಿಡಿ.

ಶೃಂಗೇರಿಯಲ್ಲಿ ಮೀನಿಗೆ ಪುರಿ ಹಾಕ್ತೀವಲ್ಲ, ಇಲ್ಲಿ ಒಂದು ತುಂಡು ಬ್ರೆಡ್ ಹಾಕಿದರೆ ಏನು ತಪ್ಪು?

ಈ ಪ್ರಶ್ನೆ ಒಳ್ಳೆಯ ಮನಸ್ಸಿನಿಂದ ಬರುತ್ತದೆ. ಅದಕ್ಕೇ ಪೂರ್ತಿ ಉತ್ತರ ಕೊಡುತ್ತೇನೆ. ತುಂಗೆಯ ಮೀನುಗಳಿಗೆ ಪುರಿ ಹಾಕಿದರೆ ಅವು ಮೆಟ್ಟಿಲ ಹತ್ತಿರ ಬರುತ್ತವೆ. ಅದು ನಮಗೆ ಸಂತೋಷ. ಅಲಿಗೇಟರ್‌ಗೆ ಹಾಕಿದರೂ ಆಗುವುದು ಅದೇ, ಹತ್ತಿರ ಬರುತ್ತದೆ. ಇಲ್ಲಿ ಅದೇ ಅಪಾಯ.

ತಾನಾಗಿಯೇ ಬಿಟ್ಟರೆ ಅಲಿಗೇಟರ್ ಮನುಷ್ಯರನ್ನು ಕಂಡು ದೂರ ಸರಿಯುತ್ತದೆ. ನಾವು ಇಷ್ಟು ಹತ್ತಿರದಲ್ಲಿ ಆರಾಮವಾಗಿ ನಡೆದಾಡಲು ಆಗುತ್ತಿರುವುದೇ ಆ ಅಂಜಿಕೆಯಿಂದ. ಕೆಲವು ಸಲ ತಿಂಡಿ ಸಿಕ್ಕರೆ ಸಾಕು, ಮನುಷ್ಯ ಬಂದರೆ ಊಟ ಬಂತು ಅಂತ ಕಲಿತುಬಿಡುತ್ತದೆ. ಮುಂದಿನ ಸಲ ದಂಡೆಯಲ್ಲಿ ನಿಂತ ಬೇರೆಯವರ ಮಗುವಿನ ಕಡೆಗೂ ಹಾಗೇ ಬರುತ್ತದೆ. ಹೀಗೆ ಅಂಜಿಕೆ ಕಳೆದುಕೊಂಡ ಪ್ರಾಣಿಯನ್ನು ಅಲ್ಲಿ ಬಿಡಲು ಆಗುವುದಿಲ್ಲ. ಹಿಡಿದು ಸಾಗಿಸುತ್ತಾರೆ, ಎಷ್ಟೋ ಸಲ ಕೊಲ್ಲಬೇಕಾಗುತ್ತದೆ. ಒಂದು ತುಂಡು ಬ್ರೆಡ್ ಹಾಕಿದವರು ಅಷ್ಟು ಹೊತ್ತಿಗೆ ಮನೆ ಸೇರಿರುತ್ತಾರೆ, ಸಾಯುವುದು ಅಲಿಗೇಟರ್. ಟೆಕ್ಸಸ್ ಕಾನೂನಿನಲ್ಲಿ ಇದು ಅಪರಾಧ, 500 ಡಾಲರ್ ತನಕ ದಂಡ ಬೀಳುತ್ತದೆ. ದಂಡಕ್ಕೆ ಹೆದರಿ ಅಲ್ಲ, ಪ್ರಾಣಿಯ ಮೇಲಿನ ಪ್ರೀತಿಗೆ ಹಾಕಬೇಡಿ. ಬಾತುಕೋಳಿಗೆ, ಆಮೆಗೆ ಎಸೆದರೂ ಅಷ್ಟೇ. ಅವು ಬಂದ ಕಡೆ ಅಲಿಗೇಟರ್ ಕೂಡ ಬರುತ್ತದೆ.

ಮೀನು ಹಿಡಿಯೋಕೆ ಹೋದಾಗ ಗಾಳಕ್ಕೆ ಸಿಕ್ಕ ಮೀನಿನ ಹಿಂದೆ ಬಂದರೆ?

ದಾರ ಕತ್ತರಿಸಿ, ಮೀನು ಬಿಟ್ಟುಬಿಡಿ. ಹಿಡಿದ ಮೀನುಗಳನ್ನು ದಾರಕ್ಕೆ ಪೋಣಿಸಿ ನೀರಲ್ಲಿ ಇಳಿಬಿಡಬೇಡಿ.

ಎಷ್ಟು ನೋಡಿದರೂ ನಮಗೆ ಕಾಣಿಸಲಿಲ್ಲ. ಬೇರೆಯವರಿಗೆ ಹೇಗೆ ಕಾಣುತ್ತೆ?

ಬಹಳ ಜನ ನೀರಿನ ನಡುವೆ ಹುಡುಕುತ್ತಾರೆ. ಮೊದಲು ಅಂಚು ನೋಡಿ. ಜೊಂಡು ಎಲ್ಲಿ ಮಲಗಿದೆ, ಹುಲ್ಲು ಸವೆದು ಮಣ್ಣು ನುಣುಪಾಗಿ ನೀರಿಗೆ ಇಳಿದಿದೆಯಾ? ಅದು ದಿನಾ ಹತ್ತಿ ಇಳಿಯುವ ಜಾಡು. ನೀರಿನ ಮೇಲೆ ಹಸಿರು ಪಾಚಿಸೊಪ್ಪು ಹರಡಿದ್ದರೆ ಅದರಲ್ಲಿ ಕಪ್ಪು ಗೆರೆ ಬಿಟ್ಟಿದೆಯಾ ನೋಡಿ, ಯಾವುದೋ ಪ್ರಾಣಿ ಈಜಿ ಹೋದ ಗುರುತು ಅದು. ಆಮೇಲೆ ಜೋಡಿ ಉಬ್ಬು ಹುಡುಕಿ: ಮುಂದೆ ಮೂಗಿನದ್ದು, ಸ್ವಲ್ಪ ಹಿಂದೆ ಕಣ್ಣಿನದ್ದು. ಹಕ್ಕಿಗಳೂ ಹೇಳಿಕೊಡುತ್ತವೆ. ಬಾತುಗಳ ಗುಂಪು ಒಂದೇ ಕಡೆ ತಲೆ ತಿರುಗಿಸಿ ಮೆಲ್ಲಗೆ ದೂರ ಸರಿಯುತ್ತಿದ್ದರೆ ಅತ್ತ ಬೈನಾಕ್ಯುಲರ್ ಹಿಡಿಯಿರಿ.

ಮುಖ್ಯ ವಿಷಯ ಅಂದರೆ ನಿಲ್ಲುವುದು. ಒಂದು ಜಾಗದಲ್ಲಿ ಹತ್ತು ನಿಮಿಷ ನಿಂತರೆ, ಏನೂ ಇಲ್ಲ ಅಂದುಕೊಂಡಿದ್ದ ಕೆರೆಯಲ್ಲಿ ಒಂದೊಂದಾಗಿ ಎದ್ದು ಬರುತ್ತವೆ. ಅಲಿಗೇಟರ್ ಬರದಿದ್ದರೂ ಗುಲಾಬಿ ಬಣ್ಣದ ಚಮಚಕೊಕ್ಕು, ರೆಕ್ಕೆ ಹರಡಿ ಒಣಗಿಸುವ ಆನ್‌ಹಿಂಗ, ನೇರಳೆ ಬಣ್ಣದ ನೀರುಕೋಳಿ ಸಿಗುತ್ತವೆ.

## ಇನ್ನೂ ತಿಳಿಯಬೇಕು ಅನ್ನುವವರಿಗೆ

ರಂಗನತಿಟ್ಟಿನಲ್ಲಿ ನೋಡಿದ ಮೊಸಳೆಗೂ ಇದಕ್ಕೂ ಏನು ವ್ಯತ್ಯಾಸ?

ಎರಡೂ ದೂರದ ನೆಂಟರು. ಕಾವೇರಿ, ಕಬಿನಿ, ದಾಂಡೇಲಿಯ ಕಾಳಿ ನದಿಯಲ್ಲಿ ಇರುವುದು ಮಗ್ಗರ್ ಜಾತಿಯ ಮೊಸಳೆ. ಅಲಿಗೇಟರ್‌ಗಳು ಭಾರತದ ಕಾಡಿನಲ್ಲಿ ಇಲ್ಲವೇ ಇಲ್ಲ. ಜಗತ್ತಿನಲ್ಲಿ ಅವು ಎರಡೇ ಜಾತಿ, ಒಂದು ಅಮೆರಿಕದ್ದು, ಇನ್ನೊಂದು ಚೀನಾದ್ದು.

ಮೂತಿ ಚೂಪಾಗಿದ್ದರೆ ಮೊಸಳೆ, ಅಗಲವಾಗಿದ್ದರೆ ಅಲಿಗೇಟರ್ ಅಂತ ಎಲ್ಲ ಕಡೆ ಹೇಳುತ್ತಾರೆ. ನಮ್ಮ ಕಡೆಯವರಿಗೆ ಈ ಗುರುತು ಅಷ್ಟು ಉಪಯೋಗವಿಲ್ಲ. ಯಾಕೆಂದರೆ ಮೊಸಳೆಗಳ ಪೈಕಿ ಬಹಳ ಅಗಲ ಮೂತಿ ಇರುವುದು ನಮ್ಮ ಮಗ್ಗರ್‌ಗೇ. ಹಲ್ಲು ನೋಡಿ. ಬಾಯಿ ಮುಚ್ಚಿದಾಗ ಕೆಳದವಡೆಯ ನಾಲ್ಕನೇ ಹಲ್ಲು ಹೊರಗೆ ಕಂಡರೆ ಮೊಸಳೆ. ಅಲಿಗೇಟರ್‌ನಲ್ಲಿ ಅದು ಮೇಲ್ದವಡೆಯ ಗುಳಿಯೊಳಗೆ ಸೇರಿ ಮರೆಯಾಗುತ್ತದೆ. ಗೂಡು ಕೂಡ ಬೇರೆ. ಮಗ್ಗರ್ ದಂಡೆಯಲ್ಲಿ ಗುಂಡಿ ತೋಡಿ ಮೊಟ್ಟೆ ಇಡುತ್ತದೆ, ಅಲಿಗೇಟರ್ ಸೊಪ್ಪು ಸದೆ ಗುಡ್ಡೆ ಹಾಕಿ ಅದರೊಳಗೆ ಇಡುತ್ತದೆ.

ದೂರದಿಂದ ನೋಡಿ ಎಷ್ಟು ಉದ್ದ ಅಂತ ಹೇಳೋಕೆ ಆಗುತ್ತಾ?

ಅಂದಾಜಿಗೆ ಆಗುತ್ತದೆ. ಕಣ್ಣಿನಿಂದ ಮೂಗಿನ ತನಕ ಎಷ್ಟು ಇಂಚೋ, ಮೈ ಸುಮಾರು ಅಷ್ಟು ಅಡಿ. ಒಂಬತ್ತು ಇಂಚು ಇದ್ದರೆ ಒಂಬತ್ತು ಅಡಿಯ ಪ್ರಾಣಿ. ಹೆಣ್ಣು ಹತ್ತು ಅಡಿ ಮೀರುವುದು ಅಪರೂಪ. ಅದಕ್ಕಿಂತ ಬಹಳ ದೊಡ್ಡದು ಕಂಡರೆ ಗಂಡು ಅಂದುಕೊಳ್ಳಬಹುದು.

ಗುಡುಗಿನ ಥರ ಕೂಗುತ್ತಂತೆ. ಯಾವಾಗ ಕೇಳಿಸುತ್ತೆ?

ಏಪ್ರಿಲ್, ಮೇ ತಿಂಗಳ ಬೆಳಗಿನಲ್ಲಿ. ಅದು ಜೋಡಿ ಹುಡುಕುವ ಕಾಲ. ಗಂಡು ತಲೆ ಎತ್ತಿ, ಬಾಲ ಎತ್ತಿ, ಬೆನ್ನು ನೀರಿಗೆ ಸಮ ಮಾಡಿ ಒಂದು ಕ್ಷಣ ನಿಲ್ಲುತ್ತದೆ. ಆಗ ಅದರ ಮೈಯಿಂದ ನಮ್ಮ ಕಿವಿಗೆ ಕೇಳಿಸದಷ್ಟು ಕೆಳಗಿನ ಸದ್ದು ಹೊರಡುತ್ತದೆ. ಬೆನ್ನ ಮೇಲಿನ ನೀರು ಹನಿ ಹನಿಯಾಗಿ ಕುಣಿಯತೊಡಗುತ್ತದೆ. ಅದರ ಹಿಂದೆಯೇ ದೊಡ್ಡ ಗರ್ಜನೆ. ಒಂದು ಶುರು ಮಾಡಿದರೆ ಕೆರೆಯ ಆಚೆಯಿಂದ ಇನ್ನೊಂದು, ಜೌಗಿನಿಂದ ಮತ್ತೊಂದು ಉತ್ತರ ಕೊಡುತ್ತದೆ. ಹೆಣ್ಣುಗಳೂ ಕೂಗುತ್ತವೆ, ಆದರೆ ನೀರು ಕುಣಿಸುವುದು ಗಂಡು ಮಾತ್ರ. ಈ ಪಾರ್ಕ್‌ನಲ್ಲಿ ಒಂದೇ ಒಂದು ಅನುಭವ ಆರಿಸಿಕೋ ಅಂದರೆ ನಾನು ಇದನ್ನೇ ಆರಿಸಿಕೊಳ್ಳುತ್ತೇನೆ. ಇದಕ್ಕೋಸ್ಕರ ಬೇಗ ಏಳಬೇಕು.

ಮರಿಗಳನ್ನ ನೋಡಬಹುದಾ?

ನೋಡಬಹುದು, ದೂರದಿಂದ. ಜೂನ್ ಕೊನೆ, ಜುಲೈ ಮೊದಲಲ್ಲಿ ತಾಯಿ ಮೂವತ್ತರಿಂದ ಐವತ್ತು ಮೊಟ್ಟೆ ಇಡುತ್ತದೆ. ಗುಡ್ಡೆಯೊಳಗೆ ಸೊಪ್ಪು ಕೊಳೆತು ಹುಟ್ಟುವ ಬಿಸಿಯಲ್ಲೇ ಮೊಟ್ಟೆ ಕಾವು ಪಡೆಯುತ್ತವೆ. ಮರಿ ಗಂಡೋ ಹೆಣ್ಣೋ ಎಂಬುದೂ ಆ ಬಿಸಿಯಿಂದಲೇ ತೀರ್ಮಾನವಾಗುತ್ತದೆ: 30 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಹೆಣ್ಣು, 33ರ ಆಸುಪಾಸಿನಲ್ಲಿ ಹೆಚ್ಚಾಗಿ ಗಂಡು. ಎರಡು ತಿಂಗಳ ಮೇಲೆ ಮರಿಗಳು ಒಳಗಿನಿಂದಲೇ ಚಿಂವ್‌ಗುಟ್ಟುತ್ತವೆ. ತಾಯಿ ಕೇಳಿಸಿಕೊಂಡು ಗುಡ್ಡೆ ಬಿಡಿಸಿ, ಮರಿಗಳನ್ನು ಬಾಯಲ್ಲಿ ಇಟ್ಟುಕೊಂಡು ನೀರಿಗೆ ಒಯ್ಯುತ್ತದೆ.

ಹಳದಿ ಪಟ್ಟೆಯ ಪುಟ್ಟ ಮರಿಗಳ ಗುಂಪು ಕಂಡರೆ ತಾಯಿ ಅಲ್ಲೇ ಎಲ್ಲೋ ಇದೆ ಅಂತ ತಿಳಿಯಿರಿ, ನಿಮಗೆ ಕಾಣದಿದ್ದರೂ ಸರಿ. ಒಂದು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಅದು ಕಾಯುತ್ತದೆ. ಅಷ್ಟು ಕಾದರೂ ಬಹುಪಾಲು ಮರಿಗಳು ಕೊಕ್ಕರೆ, ರಕೂನ್, ದೊಡ್ಡ ಅಲಿಗೇಟರ್‌ಗಳ ಪಾಲಾಗುತ್ತವೆ.

ಒಂದು ಕಾಲದಲ್ಲಿ ಅಳಿದೇ ಹೋಗುತ್ತಿತ್ತಂತೆ?

ಹೌದು. ಚರ್ಮಕ್ಕಾಗಿ ಮಿತಿಯಿಲ್ಲದೆ ಕೊಂದರು, ಜೌಗುಗಳನ್ನು ಬತ್ತಿಸಿದರು. 1967ರಲ್ಲಿ ಅಮೆರಿಕ ಸರ್ಕಾರ ಇದನ್ನು ಅಳಿವಿನ ಅಂಚಿನ ಪ್ರಾಣಿಗಳ ಪಟ್ಟಿಗೆ ಸೇರಿಸಿತು. ಬೇಟೆ ನಿಂತಿತು, ಜಾಗ ಉಳಿಯಿತು, ಸಂಖ್ಯೆ ಏರಿತು. 1987ರಲ್ಲಿ ಪೂರ್ತಿ ಚೇತರಿಸಿಕೊಂಡಿದೆ ಎಂದು ಘೋಷಿಸಿದರು. ಇಪ್ಪತ್ತು ವರ್ಷದಲ್ಲಿ! ಮಕ್ಕಳಿಗೆ ದಾರಿಯಲ್ಲಿ ಈ ಕತೆ ಹೇಳಿ.

ಚಳಿಗಾಲದಲ್ಲಿ ಎಲ್ಲಿಗೆ ಹೋಗುತ್ತವೆ?

ಎಲ್ಲಿಗೂ ಹೋಗುವುದಿಲ್ಲ. 70 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗೆ ತಿನ್ನುವುದು ನಿಲ್ಲಿಸುತ್ತವೆ, 55ಕ್ಕಿಂತ ಕೆಳಗಿಳಿದರೆ ಬಿಲದಲ್ಲೋ ನೀರಿನ ತಳದಲ್ಲೋ ಜಡವಾಗಿ ಬಿದ್ದಿರುತ್ತವೆ. ನಾಲ್ಕು ದಿನದ ಚಳಿಯ ನಂತರ ಬಿಸಿಲು ಬಂದ ಮಧ್ಯಾಹ್ನ ಮಾತ್ರ ತಪ್ಪಿಸಿಕೊಳ್ಳಬೇಡಿ. ದಂಡೆಯೆಲ್ಲ ತುಂಬಿರುತ್ತದೆ, ಸೊಳ್ಳೆಯೂ ಕಡಿಮೆ.

ಮಳೆ ಬಂದ ಮೇಲೆ ಹೋಗಬಹುದಾ?

ಹೊರಡುವ ದಿನವೇ ಪಾರ್ಕ್‌ನ ಸೂಚನೆ ನೋಡಿ. ಬ್ರಾಜೋಸ್ ನದಿ ಉಕ್ಕಿದರೆ ದಾರಿಗಳು ಮುಳುಗುತ್ತವೆ. 2016ರ ನೆರೆಯಲ್ಲೂ 2017ರ ಹಾರ್ವೆ ಚಂಡಮಾರುತದಲ್ಲೂ ಪಾರ್ಕ್ ಮುಚ್ಚಬೇಕಾಯಿತು. ನೆಲದ ಮೇಲೆ ನೀರು ನಿಂತಿದ್ದರೆ ಅದರಲ್ಲಿ ಕಾಲಿಟ್ಟು ದಾಟಬೇಡಿ, ಒಳಗೆ ಏನಿದೆ ಅಂತ ಕಾಣುವುದಿಲ್ಲ.

ಒಳ್ಳೆ ಫೋಟೊ ಬರಬೇಕಾದರೆ?

300 ಮಿಲಿಮೀಟರ್ ಅಥವಾ ಅದಕ್ಕಿಂತ ದೊಡ್ಡ ಲೆನ್ಸ್, ಬೆಳಗಿನ ಓರೆ ಬಿಸಿಲು. ನೀರಿನ ಮಟ್ಟದಿಂದ ತೆಗೆದರೆ ಚಿತ್ರ ಚೆನ್ನಾಗಿ ಬರುತ್ತದೆ ಅಂತ ದಂಡೆಯಲ್ಲಿ ಮಲಗುವವರನ್ನು ನೋಡಿದ್ದೇನೆ. ಆ ಕೆಲಸ ಖಂಡಿತ ಬೇಡ. ಅಲಿಗೇಟರ್‌ಗೆ ಬೆನ್ನು ಹಾಕಿ ಸೆಲ್ಫಿ ತೆಗೆಯುವುದೂ ಬೇಡ. ಡ್ರೋನ್ ಹಾರಿಸುವಂತಿಲ್ಲ.

ಫ್ಲೋರಿಡಾಗೆ ಹೋಗ್ತಾ ಇದ್ದೀವಿ. ಅಲ್ಲೇ ನೋಡಿದರೆ ಸಾಲದಾ?

ಎವರ್‌ಗ್ಲೇಡ್ಸ್ ನ್ಯಾಷನಲ್ ಪಾರ್ಕ್ ತುಂಬಾ ಚೆನ್ನಾಗಿದೆ. ಡಿಸೆಂಬರ್‌ನಿಂದ ಏಪ್ರಿಲ್ ಅಲ್ಲಿನ ಒಣ ಕಾಲ. ನೀರು ಕಡಿಮೆಯಾಗಿ ಪ್ರಾಣಿಗಳು ಉಳಿದ ಮಡುಗಳಲ್ಲಿ ಸೇರುತ್ತವೆ. ಸ್ವಲ್ಪ ನಡೆಯುವವರಿಗೆ ಆನ್‌ಹಿಂಗ ಟ್ರೇಲ್, ಸೈಕಲ್ ಹೊಡೆಯುವವರಿಗೆ ಶಾರ್ಕ್ ವ್ಯಾಲಿಯ 15 ಮೈಲಿ ಸುತ್ತು. ಅಲಿಗೇಟರ್ ಮತ್ತು ಮೊಸಳೆ ಎರಡೂ ಕಾಡಿನಲ್ಲಿ ಒಟ್ಟಿಗೆ ಸಿಗುವುದು ಜಗತ್ತಿನಲ್ಲಿ ದಕ್ಷಿಣ ಫ್ಲೋರಿಡಾದಲ್ಲಿ ಮಾತ್ರ.

ನಮ್ಮ ಬಡಾವಣೆಯ ಕೆರೆಯಲ್ಲೇ ಒಂದು ಕಾಣಿಸಿಕೊಂಡಿದೆ. ಯಾರಿಗೆ ಹೇಳಬೇಕು?

ಶುಗರ್ ಲ್ಯಾಂಡ್, ಮಿಸೌರಿ ಸಿಟಿ ಕಡೆ ಮನೆಗಳ ನಡುವಿನ ಕೆರೆಗಳಲ್ಲಿ ಇವು ಬರುವುದುಂಟು. ವಸಂತದಲ್ಲಿ ಒಂದು ನೀರಿನಿಂದ ಇನ್ನೊಂದಕ್ಕೆ ನಡೆದುಕೊಂಡು ಹೋಗುತ್ತವೆ, ಒಂದೆರಡು ದಿನದಲ್ಲಿ ತಾವೇ ಹೊರಟುಹೋಗುವುದೂ ಇದೆ. ಸುಮ್ನೆ ನೀರಿನಲ್ಲಿದ್ದರೆ ತೊಂದರೆಯ ಪ್ರಾಣಿ ಅಲ್ಲ. ಮನುಷ್ಯರ ಕಡೆಗೆ ಈಜಿ ಬರುತ್ತಿದ್ದರೆ, ಅಂಗಳಕ್ಕೆ ಪದೇ ಪದೇ ಬರುತ್ತಿದ್ದರೆ, ಸಾಕುಪ್ರಾಣಿಯ ಮೇಲೆ ಬಿದ್ದರೆ ಟೆಕ್ಸಸ್ ಪಾರ್ಕ್ಸ್ ಅಂಡ್ ವೈಲ್ಡ್‌ಲೈಫ್ ಇಲಾಖೆಗೆ ಫೋನ್ ಮಾಡಿ. ನೀವೇ ಹಿಡಿಯಲು, ಓಡಿಸಲು ಹೋಗಬೇಡಿ, ಅದು ಕಾನೂನಿಗೂ ವಿರುದ್ಧ. ಫೋನ್ ಮಾಡಿದಾಗ ಅದಕ್ಕೆ ಯಾರಾದರೂ ತಿಂಡಿ ಹಾಕುತ್ತಿದ್ದಾರಾ ಅಂತ ಕೇಳಿದರೆ ನಿಜ ಹೇಳಿ. ಅಕ್ಕಪಕ್ಕದ ಮನೆಯವರಿಗೆ, ಅದರಲ್ಲೂ ಸಂಜೆ ಕೆರೆ ಸುತ್ತ ವಾಕಿಂಗ್ ಹೋಗುವ ಹಿರಿಯರಿಗೆ, ಅವತ್ತೇ ತಿಳಿಸಿ.